ಒಂದು ಬಾವಿ ರಾಟೆಗೆ ಆರು ವಾರ: ದೊಡ್ಡ ಬಜೆಟ್ ಗೇಮ್‌ಗಳು ಹೀಗೇ ಎಷ್ಟು ದಿನ ನಡೆಯುತ್ತವೆ?

ಉಣಕಲ್ ದಂಡೆ · ಹುಬ್ಬಳ್ಳಿ

ಭಾಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಆಮೇಲೆ ನಿಮ್ಮ ಮಾತು ಹೇಳಿ.

ನಾನು ಏಳು ವರ್ಷ ಬೆಂಗಳೂರಿನಲ್ಲಿ ಗೇಮ್ ಆರ್ಟ್ ಮಾಡಿಕೊಡುವ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ಹೊರದೇಶದ ದೊಡ್ಡ ಗೇಮ್‌ಗಳಿಗೆ ಬೇಕಾದ ಸಾಮಾನು ಮಾಡುವುದು ನಮ್ಮ ಕೆಲಸ. ಪೀಪಾಯಿ, ಬಾಗಿಲು, ದೀಪದ ಕಂಬ, ಕುದುರೆಯ ಜೀನು. ನೀವು ಆಟದಲ್ಲಿ ಓಡಿಕೊಂಡು ಹೋಗುವಾಗ ಪಕ್ಕದಲ್ಲಿ ಕಾಣಿಸಿ ಮಾಯವಾಗುತ್ತವಲ್ಲ, ಅವು.

ಕೊನೆಗೆ ನನ್ನ ಪಾಲಿಗೆ ಬಂದದ್ದು ಒಂದು ಬಾವಿ ರಾಟೆ. ರಾಟೆ, ಹಗ್ಗ, ಕೊಡ, ಎರಡು ಮರದ ಕಂಬ, ಅಷ್ಟೇ. ಮೊದಲ ಸಲ ಕಳಿಸಿದಾಗ ತುಕ್ಕು ಜಾಸ್ತಿ ಕೆಂಪಾಗಿದೆ ಅಂತ ವಾಪಸ್ ಬಂತು. ಎರಡನೇ ಸಲ, ಹಗ್ಗ ಉಜ್ಜಿದ ಗುರುತೇ ಇಲ್ಲ ಅಂದರು. ಅದು ಖರೆ. ಹಗ್ಗ ಓಡುವ ಕಡೆ ತುಕ್ಕು ನಿಲ್ಲುವುದಿಲ್ಲ. ಆ ವಾರ ಊರಿಗೆ ಬಂದವನು ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಒಂದು ಹಳೇ ರಾಟೆ ಹುಡುಕಿ, ಬಿಸಿಲಲ್ಲಿ ಇಟ್ಟು, ಅರವತ್ತು ಫೋಟೋ ತೆಗೆದೆ. ಅಂಚಿನಲ್ಲಿ ತುಕ್ಕು ಕಪ್ಪಗೆ ಪದರ ಪದರ ಎದ್ದಿತ್ತು, ನಡುವೆ ಹಗ್ಗ ಓಡುವ ತೋಡು ಬೆಳ್ಳಿ ಥರ ನುಣುಪಾಗಿತ್ತು, ಅಚ್ಚಿನ ಹತ್ತಿರ ಹಳೇ ಗ್ರೀಸ್ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ಎಲ್ಲವನ್ನೂ ಹಾಗೇ ತಂದೆ. ಹನ್ನೊಂದನೇ ಸಲಕ್ಕೆ ಒಪ್ಪಿದರು. ಒಟ್ಟು ಆರು ವಾರ. ನಾಲ್ಕು ತಿಂಗಳಾದ ಮೇಲೆ ಆ ಹಳ್ಳಿಯ ಭಾಗವನ್ನೇ ಆಟದಿಂದ ತೆಗೆದರು ಅಂತ ಗೊತ್ತಾಯಿತು. ಮುಂದೆ ಇಡೀ ಪ್ರಾಜೆಕ್ಟೇ ನಿಂತಿತು, ಅದರ ಜೊತೆ ನಮ್ಮ ತಂಡದ ಗುತ್ತಿಗೆಯೂ ಮುಗಿಯಿತು.

ನನ್ನ ಕೆಲಸ ಹೋಯಿತು ಅನ್ನುವುದಷ್ಟೇ ಮಾತಲ್ಲ. ಈ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ನನ್ನ ಚಿಂತೆ. ದೊಡ್ಡ ಕಂಪನಿಗಳು ಗೇಮ್‌ನ ಖರ್ಚನ್ನು ಯಾವತ್ತೂ ಬಾಯಿಬಿಟ್ಟು ಹೇಳುವುದಿಲ್ಲ. 2023ರ ಜೂನ್‌ನಲ್ಲಿ ಆಕ್ಟಿವಿಷನ್ ಅನ್ನುವ ಗೇಮ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಳ್ಳುವ ವ್ಯವಹಾರದ ಕೇಸು ಅಮೆರಿಕದ ಕೋರ್ಟಿನಲ್ಲಿ ನಡೆದಾಗ ಪ್ಲೇಸ್ಟೇಷನ್ ಮಾಡುವ ಸೋನಿ ಕೊಟ್ಟ ಕಾಗದದಲ್ಲಿ ಅಂಕಿಗಳ ಮೇಲೆ ಮಾರ್ಕರ್ ಪೆನ್ನಿಂದ ಕಪ್ಪು ಬಳಿದಿದ್ದರು, ಸ್ಕ್ಯಾನ್ ಮಾಡಿದಾಗ ಅಡಿಯ ಅಂಕಿ ಕಂಡುಬಿಟ್ಟವು. ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ 22 ಕೋಟಿ ಡಾಲರ್. ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್, 300 ಜನ, ಐದು ವರ್ಷ. ಸೋನಿಯದೇ ಇನ್ಸೋಮ್ನಿಯಾಕ್ ಸ್ಟುಡಿಯೊದ ಕಡತಗಳು ಅದೇ ವರ್ಷದ ಡಿಸೆಂಬರ್‌ನಲ್ಲಿ ಕಳವಾಗಿ ಹೊರಬಿದ್ದವು. 2018ರ ಸ್ಪೈಡರ್‌ಮ್ಯಾನ್‌ಗೆ ಸುಮಾರು 10 ಕೋಟಿ ಡಾಲರ್ ಆಗಿದ್ದರೆ, 2023ರ ಎರಡನೇ ಭಾಗಕ್ಕೆ ಸುಮಾರು 30 ಕೋಟಿ. ಐದು ವರ್ಷದಲ್ಲಿ ಮೂರು ಪಟ್ಟು. ಮೂರು ಪಟ್ಟು ಹಣ ಹಾಕಿದ್ದು ಆಡುವವರ ಕಣ್ಣಿಗೆ ಕಾಣುತ್ತದೆಯೇ ಅಂತ ಅವರದೇ ಒಳಗಿನ ಕಾಗದ ಕೇಳುತ್ತದೆ.

30 ಕೋಟಿ ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 2,500 ಕೋಟಿ ರೂಪಾಯಿ. ನಮ್ಮ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆಯಲ್ಲ, ಜಗತ್ತಿನಲ್ಲೇ ಉದ್ದದ್ದು, ಅದಕ್ಕೆ ಆಗಿದ್ದು ಸುಮಾರು 20 ಕೋಟಿ ರೂಪಾಯಿ. ನೂರಕ್ಕೂ ಜಾಸ್ತಿ ಪ್ಲಾಟ್‌ಫಾರ್ಮ್‌ಗಳ ದುಡ್ಡು ಒಂದು ಆಟದಲ್ಲಿ ಕೂತಿದೆ.

ಇಷ್ಟು ದುಡ್ಡು ಎಲ್ಲಿ ಹೋಗುತ್ತದೆ? ಬಹುಪಾಲು ಸಂಬಳಕ್ಕೆ. ಒಬ್ಬರಿಗೆ ತಿಂಗಳಿಗೆ ಎಲ್ಲ ಸೇರಿ 10 ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. 300 ಜನ, 60 ತಿಂಗಳು. 18 ಕೋಟಿ ಡಾಲರ್ ಅಲ್ಲಿಗೇ ಆಯಿತು, ಪ್ರಚಾರದ ಖರ್ಚು ಬೇರೆ. ಆಟದ ಗುಣ ಎರಡು ಪಟ್ಟು ಆಗಲಿ ಬಿಡಲಿ, ಒಂದು ವರ್ಷ ತಡ ಆದರೆ ಸಂಬಳ ಮಾತ್ರ ಒಂದು ವರ್ಷದ್ದು ಸೇರುತ್ತದೆ. ಹಂಗಾಗಿ ಹುಷಾರು ಜಾಸ್ತಿ ಆಗುತ್ತದೆ, ಹೊಸದನ್ನು ಮಾಡುವ ಧೈರ್ಯ ಕಡಿಮೆ ಆಗುತ್ತದೆ. ಸಂಖ್ಯೆ ಹಚ್ಚಿದ ಮುಂದಿನ ಭಾಗಗಳೇ ಬರುತ್ತಿವೆ, ಅಲ್ವಾ? ನಿಮಗೆ ಏನನ್ನಿಸುತ್ತದೆ?

ಸಪ್ತಾಪುರ ಕೆಫೆ · ಧಾರವಾಡ

ಅಣ್ಣಾ, ರಾಟೆ ಓದಿ ಬೇಜಾರಾಯಿತು. ಆಡುವವರ ಕಡೆಯಿಂದ ನಾನು ಹೇಳುತ್ತೇನೆ. ಕೋಚಿಂಗ್ ಕ್ಲಾಸುಗಳ ನಡುವೆ ನನ್ನದೊಂದು ಸಣ್ಣ ಗೇಮಿಂಗ್ ಕೆಫೆ ಇದೆ, ಹನ್ನೆರಡು ಸಿಸ್ಟಂ, ಎರಡು ಪಿಎಸ್5. ಪರೀಕ್ಷೆಗೆ ಓದುವ ಹುಡುಗರು ಸಂಜೆ ಒಂದು ತಾಸು ಬಂದು ಹೋಗುತ್ತಾರೆ.

ಅವರು ಏನು ಆಡುತ್ತಾರೆ ಗೊತ್ತಾ? ಜಿಟಿಎ ಫೈವ್. ಅದು ಬಂದದ್ದು 2013ರಲ್ಲಿ, ಈಗ ಆಡುತ್ತಿರುವ ಕೆಲವರು ಆಗ ಒಂದನೇ ಕ್ಲಾಸಿನಲ್ಲಿದ್ದರು. ವ್ಯಾಲರಂಟ್, ಕೌಂಟರ್ ಸ್ಟ್ರೈಕ್, ಫುಟ್‌ಬಾಲ್ ಗೇಮು. ಇಷ್ಟೇ. ಹೊಸ ದೊಡ್ಡ ಆಟಕ್ಕೆ ಸುಮಾರು ಐದು ಸಾವಿರ ರೂಪಾಯಿ ಕೊಟ್ಟು ತಂದರೆ ಮೊದಲ ವಾರ ನೋಡುತ್ತಾರೆ, ಚಂದ ಐತಿ ಅನ್ನುತ್ತಾರೆ, ಮತ್ತೆ ಹಳೇದಕ್ಕೇ ವಾಪಸ್. ಯಾಕಂದರೆ ಗೆಳೆಯರೆಲ್ಲ ಅಲ್ಲಿದ್ದಾರೆ. ಡೌನ್‌ಲೋಡ್ ಬೇರೆ ನೂರು ಜಿಬಿ ದಾಟುತ್ತದೆ, ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಎದ್ದಾಗ ಇನ್ನೂ ಓಡುತ್ತಿರುತ್ತದೆ.

ದೊಡ್ಡ ಕಂಪನಿಗಳಿಗೆ ಪೈಪೋಟಿ ಬೇರೆ ಕಂಪನಿಯ ಹೊಸ ಆಟದಿಂದ ಅಲ್ಲ. ಹತ್ತು ವರ್ಷದಿಂದ ಗಟ್ಟಿಯಾಗಿ ಕೂತಿರುವ ಹಳೇ ಆಟಗಳಿಂದ. ಜನರಿಗೆ ಇರುವ ಸಮಯವನ್ನು ಅವೇ ತಿನ್ನುತ್ತವೆ. 30 ಕೋಟಿ ಡಾಲರ್ ಹಾಕಿದರೂ ದಿನಕ್ಕೆ ಇಪ್ಪತ್ತೈದನೇ ತಾಸು ಹುಟ್ಟುವುದಿಲ್ಲ.

ಕೆಂಪು ಕಾಯಿ · ಬ್ಯಾಡಗಿ, ಹಾವೇರಿ ಜಿಲ್ಲೆ

ನಮ್ಮಲ್ಲಿ ಮೆಣಸಿನಕಾಯಿ ಹಾಕುವವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ. ಒಂದು ವರ್ಷ ರೇಟು ಏರಿದರೆ ಮುಂದಿನ ವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ. ಬೀಜ, ಗೊಬ್ಬರ, ಔಷಧ, ಕಾಯಿ ಬಿಡಿಸುವ ಆಳು, ಎಲ್ಲ ಸಾಲದ ಮೇಲೆ. ಕಣಕ್ಕೆ ಬರುವಾಗ ಎಲ್ಲರ ಮಾಲೂ ಒಂದೇ ಸಲ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬೆಲೆ ಬಿದ್ದು ನಮ್ಮ ಮಾರುಕಟ್ಟೆಯಲ್ಲಿ ಗಲಾಟೆಯಾಗಿ ಗಾಡಿಗಳಿಗೆ ಬೆಂಕಿ ಬಿದ್ದದ್ದನ್ನು ನೀವೂ ನೋಡಿರುತ್ತೀರಿ. ಆ ದಿನ ನಮ್ಮ ಮಾವನ ಚೀಲಗಳೂ ಯಾರ್ಡಿನಲ್ಲೇ ಇದ್ದವು.

ಫೋರ್ಟ್‌ನೈಟ್ ದುಡ್ಡು ಮಾಡಿದ್ದನ್ನು ನೋಡಿ ಎಲ್ಲರೂ ವರ್ಷಗಟ್ಟಲೆ ನಡೆಯುವ ಆನ್‌ಲೈನ್ ಆಟವನ್ನೇ ಬಿತ್ತಿದರು. ಸೋನಿ 2026ರ ಮಾರ್ಚ್ ಒಳಗೆ ಅಂಥ 12 ಆಟ ತರುತ್ತೇವೆ ಅಂದಿತ್ತು, 2023ರ ನವೆಂಬರ್ ಹೊತ್ತಿಗೆ ಅದನ್ನು ಅರ್ಧಕ್ಕೆ ಇಳಿಸಿತು. ಅವರದೇ ಕಾಂಕಾರ್ಡ್ ಆಟ ನೋಡಿ. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಬಂದ್. ಎರಡು ವಾರ. ಕೊಂಡವರಿಗೆಲ್ಲ ದುಡ್ಡು ವಾಪಸ್, ಅಕ್ಟೋಬರ್‌ನಲ್ಲಿ ಸ್ಟುಡಿಯೊನೂ ಮುಚ್ಚಿದರು. ನಮಗೆ ಬಿತ್ತನೆಯಿಂದ ಕಣಕ್ಕೆ ಏಳೆಂಟು ತಿಂಗಳು, ಅವರಿಗೆ ಐದಾರು ವರ್ಷ. ಅಷ್ಟರಲ್ಲಿ ಪೇಟೆ ಬದಲಾಗದೆ ಇರುತ್ತದಾ? ನಮ್ಮ ಹಿರಿಯರು ಮೆಣಸಿನ ಸಾಲಿನ ನಡುವೆ ಹತ್ತಿ, ಉಳ್ಳಾಗಡ್ಡಿ ಹಾಕುತ್ತಿದ್ದರು. ಒಂದು ಹೋದರೆ ಒಂದು ಕೈ ಹಿಡಿಯಲಿ ಅಂತ.

ರಾತ್ರಿ ಪಾಳಿ · ನವನಗರ, ಹುಬ್ಬಳ್ಳಿ

ನನ್ನದು ಬೇರೆ ಅಭಿಪ್ರಾಯ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ರೆಡ್ ಡೆಡ್ ರಿಡೆಂಪ್ಷನ್ 2 ಆಡಿದಾಗ ನಾನು ಕುದುರೆ ನಿಲ್ಲಿಸಿ ಸುಮ್ನೆ ಅರ್ಧ ತಾಸು ಮಂಜು ಬೀಳುವುದನ್ನು ನೋಡಿದ್ದೇನೆ. ಅಂಥದ್ದನ್ನು ಹತ್ತು ಜನ ಮಾಡಲಿಕ್ಕೆ ಆಗುವುದಿಲ್ಲ. ದೊಡ್ಡ ಆಟ ಬೇಡ ಅಂದರೆ ಅದೂ ಬೇಡ ಅಂದ ಹಾಗೆ. ಜಿಟಿಎ ಫೈವ್ 20 ಕೋಟಿಗೂ ಜಾಸ್ತಿ ಪ್ರತಿ ಹೋಗಿದೆ. ಕಾಲ್ ಆಫ್ ಡ್ಯೂಟಿಯ ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್‌ಗೆ, ಬಿಡುಗಡೆ ನಂತರದ ಕೆಲಸವೂ ಸೇರಿ, 70 ಕೋಟಿ ಡಾಲರ್ ಆಗಿದೆ ಅಂತ ಆಕ್ಟಿವಿಷನ್ ಕೋರ್ಟಿನಲ್ಲಿ ಹೇಳಿದೆ. ಆದರೆ 3 ಕೋಟಿ ಪ್ರತಿ ಮಾರಿದ್ದೂ ಅದೇ ಆಟ. ಅವರಿಗೆ ಲೆಕ್ಕ ಕೂಡುತ್ತದೆ, ಹಾಕುತ್ತಾರೆ.

ಇನ್ನೊಂದು. ನಮ್ಮವರು ಈ ಕೆಲಸ ಕಲಿತದ್ದು ಯಾರ ದುಡ್ಡಿನಲ್ಲಿ? ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಶುರುವಾಗಿ, ಹೊರಗಿನ ಗೇಮ್‌ಗಳಿಗೆ ಕೆಲಸ ಮಾಡುತ್ತ ಬೆಳೆದು, 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಕೈಗೆ ಹೋಯಿತು. ದೊಡ್ಡ ಬಜೆಟ್ ಇಲ್ಲದಿದ್ದರೆ ಈ ನಾಡಿನಲ್ಲಿ ಗೇಮ್ ಕಲಾವಿದರು ಅಂತ ಒಂದು ತಲೆಮಾರೇ ಇರುತ್ತಿರಲಿಲ್ಲ.

ಸಣ್ಣ ಆಟ ಮಾಡಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ಮಾತನ್ನೂ ನಾನು ನಂಬುವುದಿಲ್ಲ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ 2024 ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಆಟ ಬಂದವು. ನಾವು ಹೆಸರು ಹೇಳುವುದು ಬಾಲಾಟ್ರೊ ಒಂದರದ್ದು, ಸ್ಟಾರ್‌ಡ್ಯೂ ವ್ಯಾಲಿ ಒಂದರದ್ದು. ಮಿಕ್ಕವರು ಮನೆಯ ದುಡ್ಡು ಕಳೆದುಕೊಂಡು ಸುಮ್ಮನಾಗಿದ್ದಾರೆ, ಅವರ ಸುದ್ದಿ ಯಾರೂ ಬರೆಯುವುದಿಲ್ಲ. 2025ರಲ್ಲಿ ಫ್ರಾನ್ಸಿನ ಮೂವತ್ತು ಜನ ಸೇರಿ ಕ್ಲೇರ್ ಆಬ್ಸ್‌ಕ್ಯೂರ್ ಮಾಡಿದರು ಅಂತ ಎಲ್ಲ ಕಡೆ ಓಡಾಡಿತು. ಆಟ ಅದ್ಭುತ. ಆದರೆ ಆ ಮೂವತ್ತು ಮೂಲ ತಂಡ ಮಾತ್ರ. ಹೊರಗಿನ ಆ್ಯನಿಮೇಷನ್‌ನವರು, ಸಂಗೀತದವರು, ದನಿ ಕೊಟ್ಟವರು, ತಪ್ಪು ಹುಡುಕಿದವರು ಬೇರೆ ಇದ್ದಾರೆ. ಅವರನ್ನು ಬಿಟ್ಟು ಎಣಿಸಿದರೆ ನಮ್ಮ ರಾಟೆ ಅಣ್ಣನನ್ನೂ ಬಿಟ್ಟು ಎಣಿಸಿದ ಹಾಗೆ.

ಉಣಕಲ್ ದಂಡೆ · ಹುಬ್ಬಳ್ಳಿ

ರಾತ್ರಿ ಪಾಳಿ, ಕೊನೆಯ ಮಾತು ಎದೆಗೆ ತಾಕಿತು. ನನ್ನ ಹೆಸರು ಒಂದೇ ಒಂದು ಆಟದ ಕೊನೆಯ ಪಟ್ಟಿಯಲ್ಲಿ ಬಂದಿದೆ. ಮಿಕ್ಕ ಆರರಲ್ಲಿ ಕಂಪನಿಯ ಹೆಸರು ಮಾತ್ರ.

ದೊಡ್ಡ ಆಟ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಮಂಜು ನಾನೂ ನೋಡಿದ್ದೇನೆ, ಅದನ್ನು ನೋಡಿಯೇ ಈ ಕೆಲಸಕ್ಕೆ ಅಂಟಿಕೊಂಡೆ. ನನ್ನ ತಕರಾರು ಒಂದೇ. ಲೆಕ್ಕ ಕೂಡಿದಾಗ ಲಾಭ ಮೇಲಿನವರಿಗೆ, ಕೂಡದಿದ್ದಾಗ ಕೆಳಗಿನವರು ಮನೆಗೆ. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಸುಮಾರು 69 ಬಿಲಿಯನ್ ಡಾಲರಿಗೆ ಆಕ್ಟಿವಿಷನ್ ಕೊಂಡಿತು, ಮುಂದಿನ ಜನವರಿಯಲ್ಲಿ ಗೇಮಿಂಗ್ ವಿಭಾಗದ 1,900 ಜನರನ್ನು ತೆಗೆಯಿತು. ಫೆಬ್ರವರಿಯಲ್ಲಿ ಸೋನಿ 900 ಜನರನ್ನು. ಅವರು ಮಾಡಿದ ಆಟ ಸೋತಿತ್ತು ಅಂತಲೂ ಅಲ್ಲ. ಮೈಕ್ರೋಸಾಫ್ಟ್ ಕೈಯಲ್ಲಿದ್ದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಮಾಡಿದ ಹೈ-ಫೈ ರಷ್‌ಗೆ 2024ರ ಏಪ್ರಿಲ್‌ನಲ್ಲಿ ಆ್ಯನಿಮೇಷನ್‌ಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು, ಮೇ ತಿಂಗಳಲ್ಲಿ ಸ್ಟುಡಿಯೊ ಮುಚ್ಚುತ್ತೇವೆ ಅಂದರು. ಪುಣ್ಯಕ್ಕೆ ಬಿಜಿಎಂಐ ಮಾಡುವ ಕ್ರಾಫ್ಟನ್ ಅವರನ್ನು ತೆಗೆದುಕೊಂಡಿತು. ದಿ ಇನಿಷಿಯೇಟಿವ್ ಅಂತ ಮೈಕ್ರೋಸಾಫ್ಟ್ 2018ರಲ್ಲಿ ಕಟ್ಟಿದ ಸ್ಟುಡಿಯೊ 2025ರಲ್ಲಿ ಮುಚ್ಚಿತು, ಒಂದು ಆಟವನ್ನೂ ಹೊರಗೆ ತರದೆ. ಏಳು ವರ್ಷ! ಅಲ್ಲಿ ಎಷ್ಟು ರಾಟೆಗಳು ಬಿದ್ದಿವೆಯೋ.

ಬಣ್ಣದ ಪರದೆ · ಬೆಟಗೇರಿ, ಗದಗ

ಈ ಮಾತಿಗಾಗಿಯೇ ಲಾಗಿನ್ ಆದೆ. ನಮ್ಮಜ್ಜ ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ಗದಗಿನ ಕಡೆ ಕಂಪನಿಗಳು ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ನಾಟಕ ನಡೆಯುತ್ತಿದ್ದ ಕಾಲ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಒಂದು ಬರೆಯಲು ತಿಂಗಳು ಹಿಡಿಯುತ್ತಿತ್ತು, ಹುಣಸೆ ಬೀಜದ ಗಂಜಿ ಕಾಯಿಸಿ ಬಟ್ಟೆಗೆ ಬಳಿದು, ಒಣಗಿಸಿ, ಆಮೇಲೆ ಬಣ್ಣ. ಆದರೆ ಆ ಒಂದು ಬೀದಿ ಪರದೆಯ ಮುಂದೆ ಇಪ್ಪತ್ತು ನಾಟಕ ಆಗುತ್ತಿದ್ದವು. ಮಾಸಿದರೆ ಅಜ್ಜನೇ ಹೋಗಿ ತಿದ್ದಿ ಬರುತ್ತಿದ್ದರು. ಜನ ಪರದೆ ಹಳೇದು ಅಂತ ಎದ್ದು ಹೋಗಲಿಲ್ಲ. ಅವರಿಗೆ ಕಥೆ ಬೇಕಿತ್ತು, ಹಾಡು ಬೇಕಿತ್ತು.

ಗೇಮ್‌ನಲ್ಲೂ ಹೀಗೆ ಮಾಡುವವರು ಇದ್ದಾರೆ. ಜಪಾನಿನ ಯಾಕುಝಾ ಸರಣಿ ನೋಡಿ. ಕಾಮುರೊಚೊ ಅನ್ನುವ ಒಂದೇ ಓಣಿಯನ್ನು 2005ರಿಂದ ಆಟದ ಮೇಲೆ ಆಟದಲ್ಲಿ ಬಳಸುತ್ತಾರೆ. ಅಂಗಡಿ ಬದಲಾಗುತ್ತದೆ, ಕಾಲ ಬದಲಾಗುತ್ತದೆ, ಓಣಿ ಅದೇ. ಆಡುವವರಿಗೆ ಅದು ಸ್ವಂತ ಊರಿನ ಥರ ಆಗಿಬಿಟ್ಟಿದೆ. ಅದೇ ತಂಡ, ಅದೇ ಸಲಕರಣೆ, ಮಾಡಿಟ್ಟ ಸಾಮಾನು ಅಟ್ಟಕ್ಕೆ ಹೋಗುವುದಿಲ್ಲ. ನಿಮ್ಮ ರಾಟೆ ಅಲ್ಲಿದ್ದಿದ್ದರೆ ಈ ಹೊತ್ತಿಗೆ ಐದು ಆಟದಲ್ಲಿ ನೀರು ಸೇದುತ್ತಿತ್ತು.

ಇನ್ನೊಂದು ಮಾತು, ನಮ್ಮ ಗದಗಿನದು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ಏಷ್ಯಾದಲ್ಲೇ ಮೊದಲ ಕೃಷಿ ಸಹಕಾರ ಸಂಘ ಅಂತ ಶಾಲೆಯಲ್ಲಿ ಓದಿದ್ದೇವೆ. ಗೇಮ್‌ಗೂ ಸಹಕಾರಕ್ಕೂ ಏನು ಸಂಬಂಧ ಅನ್ನಬೇಡಿ. ಡೆಡ್ ಸೆಲ್ಸ್ ಮಾಡಿದ ಫ್ರಾನ್ಸಿನ ಮೋಷನ್ ಟ್ವಿನ್ ಕೆಲಸಗಾರರ ಸಹಕಾರ ಸಂಘವೇ. ಎಲ್ಲರಿಗೂ ಒಂದೇ ಸಂಬಳ, ತೀರ್ಮಾನಕ್ಕೆ ಎಲ್ಲರಿಗೂ ಒಂದೊಂದು ಮತ. ಆ ಆಟ 1 ಕೋಟಿ ಪ್ರತಿ ದಾಟಿದೆ. ಗೆದ್ದ ಮೇಲೂ ಅವರು ಹಿಗ್ಗಲಿಲ್ಲ, ಹೆಚ್ಚಿನ ಕೆಲಸಕ್ಕೆ ಪಕ್ಕದಲ್ಲಿ ಇನ್ನೊಂದು ಕಂಪನಿ ಹುಟ್ಟಿಕೊಂಡಿತು, ಇವರು ಸಣ್ಣವರಾಗಿಯೇ ಉಳಿದು ಮುಂದಿನ ಆಟಕ್ಕೆ ಹೋದರು.

ಕೆಂಪು ಕಾಯಿ · ಬ್ಯಾಡಗಿ

ಪರದೆಯ ಮಾತು ಭಾಳ ಛಲೋ ಬರೆದಿರಿ. ಅಜ್ಜನ ಪರದೆ ಒಂದಾದರೂ ಉಳಿದಿದೆಯಾ?

ಬಣ್ಣದ ಪರದೆ · ಬೆಟಗೇರಿ

ಒಂದು ಇದೆ. ಕಾಡಿನದು. ಅಂಚು ಇಲಿ ತಿಂದಿದೆ, ನಡುವಿನ ಆಲದ ಮರ ಹಾಗೇ ಇದೆ.

ಆರನೇ ಸೆಮಿಸ್ಟರ್ · ವಿದ್ಯಾನಗರ, ಹುಬ್ಬಳ್ಳಿ

ಎಲ್ಲರದ್ದೂ ಓದಿದೆ. ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ನಾವು ನಾಲ್ಕು ಜನ ಗೊಡೋ ಅನ್ನುವ, ಗೇಮ್ ಕಟ್ಟುವ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದು ಆಟ ಮಾಡುತ್ತಿದ್ದೇವೆ. ಮಳೆ ಹೋದ ಒಂದು ಊರಿನ ಕಥೆ. ಅಪ್ಪ, ಇದರಲ್ಲಿ ನೌಕರಿ ಇದೆಯಾ ಅಂತ ದಿನಾ ಕೇಳುತ್ತಾರೆ, ನನಗೆ ಉತ್ತರ ಗೊತ್ತಿಲ್ಲ. ಸರ್ಕಾರ 2024ರಲ್ಲಿ ಆ್ಯನಿಮೇಷನ್, ಗೇಮಿಂಗ್ ಎಲ್ಲ ಸೇರಿಸಿ ಹೊಸ ನೀತಿ ತಂದಿದೆ ಅಂತ ಸೀನಿಯರ್ಸ್ ಹೇಳುತ್ತಾರೆ. ಅದೇ ಹೊತ್ತಿಗೆ ಇಲ್ಲಿ ಕೆಲಸ ಹೋದವರ ಮಾತು ಓದುತ್ತಿದ್ದೇನೆ. ನಾನು ದೊಡ್ಡ ಸ್ಟುಡಿಯೊಗೆ ಸೇರಲು ತಯಾರಾಗಬೇಕಾ, ಇದನ್ನೇ ಮುಗಿಸಬೇಕಾ? ನೇರವಾಗಿ ಹೇಳಿ.

ರಾತ್ರಿ ಪಾಳಿ · ನವನಗರ

ತಂಗಿ, ಮೊದಲು ಡಿಗ್ರಿ ಮುಗಿಸು. ಕೋಡಿಂಗ್ ಬಂದರೆ ಯಾವ ಕೆಲಸಕ್ಕಾದರೂ ನಡೆಯುತ್ತದೆ. ಆಟ ಬಿಡಬೇಡ, ಆದರೆ ಮನೆಯ ದುಡ್ಡು ಒಂದು ರೂಪಾಯಿ ಅದರಲ್ಲಿ ಹಾಕಬೇಡ.

ಸಪ್ತಾಪುರ ಕೆಫೆ · ಧಾರವಾಡ

ಆಡುವ ಸ್ಥಿತಿಗೆ ಬಂದಾಗ ಪೆನ್ ಡ್ರೈವ್‌ನಲ್ಲಿ ತಂದುಕೊಡಮ್ಮ. ನನ್ನ ಹನ್ನೆರಡು ಸಿಸ್ಟಂಗೂ ಹಾಕುತ್ತೇನೆ. ಹುಡುಗರು ಎಲ್ಲಿ ಬೇಜಾರಾಗಿ ಎದ್ದು ಹೋಗುತ್ತಾರೆ ಅಂತ ಹಿಂದೆ ನಿಂತು ಬರೆದುಕೋ.

ಉಣಕಲ್ ದಂಡೆ · ಹುಬ್ಬಳ್ಳಿ

ಕೆಫೆ ಅಣ್ಣ ಹೇಳಿದ್ದನ್ನು ತಪ್ಪದೆ ಮಾಡಿ. ಅದಕ್ಕಿಂತ ಒಳ್ಳೆಯ ಪಾಠ ಕಾಲೇಜಿನಲ್ಲಿ ಸಿಗುವುದಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ. ದೊಡ್ಡ ಸ್ಟುಡಿಯೊಗೆ ಹೋಗುವುದು ತಪ್ಪಲ್ಲ. ಅಲ್ಲಿ ಕಲಿಯುವ ಶಿಸ್ತು ಬೇರೆ ಕಡೆ ಸಿಗುವುದಿಲ್ಲ, ತುಕ್ಕಿನ ಬಣ್ಣ ನೋಡುವ ಕಣ್ಣು ನನಗೆ ಕೊಟ್ಟದ್ದು ಆ ಕೆಲಸವೇ. ಹೋಗುವ ಮುಂಚೆ ಎರಡು ಕೇಳಿ. ನನ್ನ ಹೆಸರು ಆಟದ ಪಟ್ಟಿಯಲ್ಲಿ ಬರುತ್ತದಾ? ನಾನು ಮಾಡಿದ್ದನ್ನು ಮುಂದೆ ಇನ್ನೊಬ್ಬರಿಗೆ ತೋರಿಸಬಹುದಾ? ನಾನು ಎರಡನ್ನೂ ಕೇಳಲಿಲ್ಲ. ಏಳು ವರ್ಷದ ಕೆಲಸದಲ್ಲಿ ತೋರಿಸಲು ನನ್ನ ಕೈಯಲ್ಲಿ ಇರುವುದು ಗುಜರಿ ಅಂಗಡಿಯ ಆ ಅರವತ್ತು ಫೋಟೋ ಮಾತ್ರ, ಯಾಕಂದರೆ ಅವನ್ನು ನನ್ನ ಫೋನಿನಲ್ಲಿ ತೆಗೆದಿದ್ದೆ.

ನಿಮ್ಮ ಆಟವನ್ನು ಮಾತ್ರ ಮುಗಿಸಿ. ಸಣ್ಣದು ಮಾಡಿ ಮುಗಿಸಿ. ಹತ್ತು ತಾಸಿನ ಕಥೆ ಇದ್ದರೆ ಎರಡು ತಾಸಿಗೆ ಇಳಿಸಿ, ಒಂದೇ ಓಣಿ ಇಟ್ಟುಕೊಳ್ಳಿ, ಗದಗಿನವರು ಹೇಳಿದ ಹಾಗೆ. ಎಲ್ಲಕ್ಕಿಂತ ನೀವು ನಾಲ್ಕೂ ಜನ ಒಟ್ಟಿಗೆ ಇರಿ. ಒಟ್ಟಿಗೆ ಒಂದು ಆಟ ಮುಗಿಸಿದ ನಾಲ್ಕು ಜನರನ್ನು ಎಷ್ಟು ದುಡ್ಡು ಕೊಟ್ಟರೂ ಹೊರಗಿನಿಂದ ತರಲು ಆಗುವುದಿಲ್ಲ, ದೊಡ್ಡವರು ಆಟ ಮುಗಿದ ಕೂಡಲೇ ತಂಡ ಒಡೆದು ಕಳೆದುಕೊಳ್ಳುತ್ತಿರುವುದು ಅದನ್ನೇ. ನಿಂಟೆಂಡೊ ಕಂಪನಿಯ ಆಗಿನ ಅಧ್ಯಕ್ಷ ಇವಾಟಾ 2014ರಲ್ಲಿ ವೀ ಯೂ ಅನ್ನುವ ಅವರ ಆಟದ ಯಂತ್ರ ಸರಿಯಾಗಿ ಹೋಗದಿದ್ದಾಗ ಜನರನ್ನು ತೆಗೆಯದೆ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಆ ತಂಡಗಳು ಉಳಿದವು, ಮೂರು ವರ್ಷದಲ್ಲಿ ಸ್ವಿಚ್ ಅನ್ನುವ ಹೊಸ ಯಂತ್ರ ಬಂತು.

ಅಂದ ಹಾಗೆ, ಮಳೆ ಹೋದ ಊರು ಅಂದಿರಿ. ನಿಮ್ಮ ಆಟದಲ್ಲಿ ಬಾವಿ ಇದೆಯಾ? ಆ ರಾಟೆ ನನ್ನದಲ್ಲ, ಅದನ್ನು ಕೊಡಲಿಕ್ಕೆ ಬರುವುದಿಲ್ಲ. ಫೋಟೋಗಳು ನನ್ನವು. ಅವನ್ನು ನೋಡಿಕೊಂಡು ನಿಮಗೆ ಹೊಸದೊಂದು ಮಾಡುತ್ತೇನೆ, 3ಡಿ ಆಕೃತಿ ಕಟ್ಟುವ ತ್ರಿಕೋನಗಳು ನಾಲ್ಕು ಸಾವಿರ ದಾಟದ ಹಾಗೆ. ಎರಡು ದಿನ ಸಾಕು.

ಆರನೇ ಸೆಮಿಸ್ಟರ್ · ವಿದ್ಯಾನಗರ

ಇದೆ ಅಣ್ಣಾ. ಎರಡನೇ ಹಂತದಲ್ಲಿ, ಗುಡಿಯ ಹಿಂದೆ. ಮಾಡಲು ಬಾರದೆ ಸದ್ಯಕ್ಕೆ ಅಲ್ಲಿ ಒಂದು ಬೂದು ಬಣ್ಣದ ಸಿಲಿಂಡರ್ ನಿಲ್ಲಿಸಿದ್ದೇವೆ. ಅಳತೆ ಇವತ್ತು ರಾತ್ರಿ ಕಳಿಸುತ್ತೇನೆ.